ವೈನಿ ಕೂರುವ ಬದಿಯ ಚಕ್ರ

ಅಣ್ಣ ನನಗೆ ಫೋನ್ ಮಾಡುತ್ತಿದ್ದುದು ಕಡಿಮೆ. ಮಾಡಿದರೂ ಹೇಳಬೇಕಾದ್ದನ್ನು ಹೇಳಿ ಇಟ್ಟುಬಿಡುವ ಸ್ವಭಾವ. ಆ ಗುರುವಾರ ಮಧ್ಯಾಹ್ನ ನಾನು ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಅವನ ಫೋನ್ ಬಂತು.

“ಶನಿವಾರ ಬರೋಕಾಗತ್ತಾ? ಕಾರಿಂದೊಂದು ಕೆಲಸ ಇದೆ. ಒಬ್ಬನ ಕೈಲಾಗಲ್ಲ.”

“ಬರ್ತೀನಿ. ವೈನಿ ಹೇಗಿದಾರೆ?”

“ಬಲಗಡೆ ಚಕ್ರ ತುಂಬ ಸದ್ದು ಮಾಡ್ತಿದೆ ಕಣೋ” ಎಂದ.

ನಾನು ಕೇಳಿದ್ದಕ್ಕೆ ಅದೇ ಉತ್ತರ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಗ ನಾನು ಆಸ್ಟಿನ್‌ನಲ್ಲಿದ್ದೆ, ಅಣ್ಣ ಡಾಲಸ್ ಪಕ್ಕದ ಕಾಪೆಲ್‌ನಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆಂದು ಟೆಕ್ಸಾಸ್‌ಗೆ ಬಂದಾಗ ಮೊದಲು ಇಳಿದುಕೊಂಡದ್ದು ಅವರ ಮನೆಯಲ್ಲೇ. ನಾವು ಮೈಸೂರಿನವರು, ಅಣ್ಣನ ಹೆಂಡತಿ ಧಾರವಾಡದವರು. ಬಂದ ದಿನ ನಾನು ಅವರನ್ನು ಅತ್ತಿಗೆ ಎಂದು ಕರೆದೆ. “ಅತ್ತಿಗಿ ಅಂದ್ರ ನಂಗ ಭಾಳ ವಯಸ್ಸಾದಂಗ ಅನ್ನಸ್ತದ. ನಮ್ಮ ಕಡೆ ವೈನಿ ಅಂತಾರ. ಹಂಗ ಕರಿ ತಮ್ಮಾ” ಎಂದರು. ಅಂದಿನಿಂದ ಅವರು ನನಗೆ ವೈನಿ.

ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. ಅಣ್ಣ ಕಲಿಸಲು ಕೂತರೆ ಮಾತಿಲ್ಲದೆ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೂರುತ್ತಿದ್ದ. ಅವನ ಮುಖ ನೋಡಿಯೇ ನನಗೆ ಬ್ರೇಕು ಮರೆತುಹೋಗುತ್ತಿತ್ತು. ವೈನಿ ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದರು. ಲೈಬ್ರರಿ ಮುಚ್ಚಿದ ಭಾನುವಾರಗಳಲ್ಲಿ ಅದರ ಖಾಲಿ ಪಾರ್ಕಿಂಗ್ ಲಾಟಿಗೆ ನನ್ನನ್ನು ಕರೆದೊಯ್ದು, ಪಕ್ಕದ ಸೀಟಿನಲ್ಲಿ ಹುರಿಗಡಲೆ ತಿನ್ನುತ್ತಾ, “ಯಾರೂ ಇಲ್ಲ ಇಲ್ಲಿ, ಯಾರಿಗೆ ಅಂಜತಿ? ತಿರುಗಿಸು” ಎನ್ನುತ್ತಿದ್ದರು. ಅದು ಬಿಳಿ ಬಣ್ಣದ, ಆಗಲೇ ಸಾಕಷ್ಟು ಓಡಿದ್ದ ಜಪಾನಿ ಕಾರು.

ಅವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರಿಬ್ಬರೂ ನನ್ನೆದುರು ಎಂದೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಲೈಬ್ರರಿಗೆ ಬರುವ ಮಕ್ಕಳೆಲ್ಲ ವೈನಿಯನ್ನು ಆಂಟಿ ಎಂದೇ ಕರೆಯುತ್ತಿದ್ದವು, ಬಿಳಿಯ ಮಕ್ಕಳೂ ಕೂಡ.

ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಸ್ತನದಲ್ಲಿ ಶುರುವಾದದ್ದು ಬೆನ್ನುಮೂಳೆಗೆ ಹರಡಿತ್ತು. ಡಾಲಸ್‌ನ ಡಾಕ್ಟರು ತಮ್ಮಿಂದಾದ್ದನ್ನೆಲ್ಲ ಮಾಡಿ, ಹ್ಯೂಸ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ಹೊಸ ಔಷಧಿಯೊಂದನ್ನು ಪ್ರಯೋಗಿಸುತ್ತಿದ್ದಾರೆ, ಸೇರಿಸಿಕೊಂಡರೆ ನೋಡಿ ಎಂದರು. ಸೇರಿಸಿಕೊಂಡರು. ಆಮೇಲೆ ಕೆಲವು ವಾರಗಳಿಗೊಮ್ಮೆ, ಸುಮಾರು ನಾಲ್ಕು ಗಂಟೆ ದಾರಿಯ ಹ್ಯೂಸ್ಟನ್‌ಗೆ ಹೋಗಿ ಬರುವುದೇ ಅವರಿಬ್ಬರ ಬದುಕಾಯಿತು. ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಅಣ್ಣನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಿತ್ತು. ಅಲ್ಲಿ ರಾತ್ರಿ ಉಳಿದು ಮರುದಿನ ವಾಪಸು. ಮೊದಮೊದಲು ಬರುವಾಗ ಅಲ್ಲಿನ ಭಾರತೀಯ ಅಂಗಡಿಗಳ ಬೀದಿಯಲ್ಲಿ ನಿಲ್ಲಿಸಿ ಇಡ್ಲಿ ತಿಂದು, ಮಾವಿನಕಾಯಿ, ಬೆಂಡೆಕಾಯಿ ತರುತ್ತಿದ್ದರು. ಆಮೇಲೆ ಅದೂ ನಿಂತಿತು.

ಒಮ್ಮೆ ವಿಮಾನದಲ್ಲಿ ಹೋಗಿ ನೋಡಿದ್ದರು. ಸಾಲಿನಲ್ಲಿ ನಿಲ್ಲಬೇಕು, ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಇನ್ನೊಮ್ಮೆ ಬಾಡಿಗೆ ವ್ಯಾನು ತಂದಿದ್ದರು, ಅದು ಇನ್ನೂ ಹೆಚ್ಚು ಕುಲುಕಿತು. ಕೊನೆಗೆ ಈ ಹಳೆಯ ಕಾರೇ ವಾಸಿ ಎಂದಾಯಿತು. ಅದರ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಮಲಗುತ್ತಿತ್ತು. ಸೊಂಟಕ್ಕೊಂದು, ಮಂಡಿಯ ಕೆಳಗೊಂದು ದಿಂಬಿಟ್ಟು ಅಣ್ಣ ಅದನ್ನು ಹಾಸಿಗೆಯಂತೆ ಮಾಡಿದ್ದ.

ಆದರೆ ಡಾಲಸ್‌ನಿಂದ ಹ್ಯೂಸ್ಟನ್‌ಗೆ ಹೋಗುವ ನಲವತ್ತೈದನೇ ಹೈವೇ ಬಹುಪಾಲು ಕಾಂಕ್ರೀಟಿನದು. ಹಲಗೆ ಹಲಗೆಯಾಗಿ ಹಾಕಿದ ಕಾಂಕ್ರೀಟು. ಪ್ರತಿ ಸಂದಿನ ಮೇಲೂ ಚಕ್ರ ಹಾದಾಗ ಧಡಕ್ ಎಂದು ಸಣ್ಣ ಕುಲುಕು. ಗಟ್ಟಿಮುಟ್ಟಾದವರಿಗೆ ಅದು ಗೊತ್ತೇ ಆಗುವುದಿಲ್ಲ. ಆ ಕಾರಿನ ಬಲಗಡೆಯ ಮುಂದಿನ ಚಕ್ರದಿಂದ ಮಾತ್ರ ಧಡಕ್ ಜೊತೆಗೆ ಟಕ್ ಎಂದು ಇನ್ನೊಂದು ಏಟು ಬರತೊಡಗಿತ್ತು, ಅಲ್ಲಿ ಓಡಿಸುವವರು ಎಡಕ್ಕೆ ಕೂರುವುದರಿಂದ ಸರಿಯಾಗಿ ವೈನಿಯ ಸೀಟಿನ ಕೆಳಗಿನಿಂದ. ಅಣ್ಣ ಗ್ಯಾರೇಜಿಗೆ ಕೊಟ್ಟ. ಅವರು ಶಾಕ್ ಅಬ್ಸಾರ್ಬರ್ ಬದಲಿಸಿಕೊಟ್ಟರು. ಸದ್ದು ಹೋಗಲಿಲ್ಲ. ಆಮೇಲೆ ಅವನೇ ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿ ನೋಡಿದ.

ಚಕ್ರವನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ತೋಳೊಂದಿರುತ್ತದೆ. ಅದರ ತುದಿಯಲ್ಲಿ ದಪ್ಪ ಬಳೆಯಂಥ ದುಂಡು, ಆ ದುಂಡಿನೊಳಗೆ ಒತ್ತಿ ಕೂರಿಸಿದ ರಬ್ಬರಿನ ಬುಷ್. ರಸ್ತೆಯ ಏಟನ್ನು ನುಂಗಿಕೊಳ್ಳುವುದು ಆ ರಬ್ಬರು. ಅದು ಹರಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಗ್ಯಾರೇಜಿನವರು ಇಡೀ ತೋಳನ್ನೇ ತರಿಸಬೇಕು, ಬರುವ ವಾರದ ಮಧ್ಯದ ತನಕ ಆಗುವುದಿಲ್ಲ ಎಂದರು. ಹ್ಯೂಸ್ಟನ್‌ನ ಅಪಾಯಿಂಟ್‌ಮೆಂಟ್ ಸೋಮವಾರಕ್ಕಿತ್ತು. ಬರೀ ಬುಷ್ ಆದರೆ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತಿತ್ತು. ಅದನ್ನು ಹೊರಗೊತ್ತಿ, ಹೊಸದನ್ನು ಒಳಗೊತ್ತಲು ಬೇಕಾದ ಯಂತ್ರ ನಮ್ಮ ಬಳಿ ಇರಲಿಲ್ಲ, ಅಷ್ಟೆ.

ಅಣ್ಣ ಬ್ಯಾಂಕೊಂದರ ಲೆಕ್ಕದ ಸಾಫ್ಟ್‌ವೇರ್ ಬರೆಯುವವನು. ಮನೆಯಲ್ಲಿ ಬಲ್ಬು ಹಾಕುವುದೂ ವೈನಿಯೇ. ಅಂಥವನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಮನೆಯಲ್ಲೇ ಅಂಥ ಒತ್ತುವ ಯಂತ್ರ ಮಾಡಿಕೊಂಡವರ ಚಿತ್ರಗಳನ್ನು ಪ್ರಿಂಟ್ ಹಾಕಿಕೊಂಡು ಕೂತಿದ್ದ.

ಶನಿವಾರ ನಾನು ಹೋದಾಗ ಅವರ ಮನೆಯ ಗ್ಯಾರೇಜಿನ ಬಾಗಿಲು ತೆರೆದಿತ್ತು. ಆಗಸ್ಟಿನ ಬಿಸಿಲು ಬೆಳಗಿನಲ್ಲೇ ಕಾಯುತ್ತಿತ್ತು. ಕಾರಿನ ಮುಂಭಾಗ ಸ್ಟ್ಯಾಂಡಿನ ಮೇಲೆ, ಬಲಚಕ್ರ ಕಳಚಿ ಗೋಡೆಗೆ ಒರಗಿತ್ತು. ಮನೆಯೊಳಗಿಂದ ಗ್ಯಾರೇಜಿಗೆ ಬರುವ ಬಾಗಿಲಲ್ಲಿ ವೈನಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ನೋಡಿ ಒಂದು ತಿಂಗಳಾಗಿತ್ತು. ಅಷ್ಟರಲ್ಲೇ ಕೈಗಳು ಕಡ್ಡಿಯಾಗಿದ್ದವು, ತಲೆಗೆ ಹತ್ತಿಯ ಸ್ಕಾರ್ಫ್. ನನ್ನ ಮುಖದಲ್ಲಿ ಏನು ಕಂಡಿತೋ, ತಾವೇ ಮೊದಲು ಮಾತಾಡಿದರು.

“ಬಾ ತಮ್ಮಾ. ನಿಮ್ಮಣ್ಣ ಮೆಕ್ಯಾನಿಕ್ ಆಗ್ಯಾರ. ನೋಡು, ಮೂಗಿನ ಮ್ಯಾಲೂ ಗ್ರೀಸ್ ಅದ.”

ಅಣ್ಣ ಮೂಗು ಒರೆಸಿಕೊಂಡ. ಮಸಿ ಕೆನ್ನೆಗೂ ಹರಡಿತು. ವೈನಿ ನಕ್ಕರು. ನಗುವಾಗ ಒಂದು ಕೈ ಸೊಂಟಕ್ಕೆ ಹೋಯಿತು.

ತೋಳನ್ನು ಕಾರಿನಿಂದ ಬಿಡಿಸಿ ನೆಲಕ್ಕಿಳಿಸುವುದರಲ್ಲೇ ನಾವಿಬ್ಬರೂ ಬೆವತು ಹೋದೆವು. ಆಮೇಲೆ ಅಣ್ಣ ತಾನು ಮಾಡಬೇಕೆಂದಿರುವುದನ್ನು ವಿವರಿಸಿದ. ಸ್ಕ್ರೂವಿಗಿರುವಂತೆ ಉದ್ದಕ್ಕೂ ಥ್ರೆಡ್ ಇರುವ ಒಂದು ಸರಳು ಬುಷ್‌ನ ನಡುವಿನ ತೂತಿನಲ್ಲಿ ಹಾದುಹೋಗಬೇಕು. ಸರಳಿನ ಒಂದು ಬದಿಗೆ ಬುಷ್‌ಗಿಂತ ತುಸು ಅಗಲವಾದ ಕೊಳವೆಯ ತುಂಡು, ಅದರ ಬಾಯಿಗೆ ಮುಚ್ಚಳದಂತೆ ದಪ್ಪ ವಾಷರ್‌ಗಳು. ಇನ್ನೊಂದು ಬದಿಗೆ ಬುಷ್‌ನಷ್ಟೇ ಅಗಲದ ಗಟ್ಟಿ ಬಿಲ್ಲೆ. ಎರಡೂ ತುದಿಗೆ ನಟ್ಟು. ನಟ್ಟು ತಿರುಗಿಸುತ್ತಾ ಹೋದರೆ ಬಿಲ್ಲೆ ಬುಷ್ಷನ್ನು ತಳ್ಳುತ್ತದೆ, ಅದು ದುಂಡಿನಿಂದ ಹೊರಬಂದು ಕೊಳವೆಯೊಳಗೆ ಬೀಳುತ್ತದೆ.

ವೈನಿ ಕುರ್ಚಿಯಿಂದಲೇ ಬಗ್ಗಿ ಅವನ ಚಿತ್ರ ನೋಡಿದರು. “ಇಷ್ಟಕ್ಕ ಎಷ್ಟು ಹಾಳಿ ಪ್ರಿಂಟ್ ಹಾಕೀರಿ? ಇದು ಚಕ್ಕಲಿ ಒತ್ತೂದಲ್ಲೇನ್ರಿ?”

“ಹೆಚ್ಚೂಕಮ್ಮಿ ಅದೇ” ಎಂದ ಅಣ್ಣ ಗಂಭೀರವಾಗಿ.

ಸರಳು, ನಟ್ಟು, ವಾಷರ್, ಬಿಲ್ಲೆ ಅವನು ಆಗಲೇ ತಂದಿಟ್ಟಿದ್ದ. ಅಂಗಡಿಯ ಪ್ಲಂಬಿಂಗ್ ಸಾಲಿನಲ್ಲಿ ಹೊಸ ಬುಷ್ಷನ್ನು ಕೈಯಲ್ಲಿ ಹಿಡಿದು ಒಂದೊಂದೇ ಕೊಳವೆಗೆ ತೂರಿಸಿ ನೋಡಿದನಂತೆ. ಒಂದೂ ಸರಿಹೊಂದಲಿಲ್ಲವಂತೆ. ಪಕ್ಕದ ಮನೆಯವರ ಬೇಲಿ ವಸಂತದ ಬಿರುಗಾಳಿಗೆ ಬಿದ್ದಿತ್ತು, ಹಳೆಯ ಕಬ್ಬಿಣದ ಕಂಬಗಳನ್ನು ಕಿತ್ತು ರಸ್ತೆ ಬದಿಗೆ ಒಟ್ಟಿದ್ದರು. ನಾನು ಬುಷ್ ಹಿಡಿದುಕೊಂಡು ಹೋಗಿ ಒಂದು ಕಂಬದ ಬಾಯಿಗೆ ಇಟ್ಟು ನೋಡಿದೆ. ಹೇಳಿ ಮಾಡಿಸಿದ ಹಾಗೆ ಒಳಗಿಳಿಯಿತು. ಕಂಬದ ಬುಡಕ್ಕೆ ಇನ್ನೂ ಕಾಂಕ್ರೀಟಿನ ಗಡ್ಡೆ ಅಂಟಿಕೊಂಡಿತ್ತು. ಪಕ್ಕದ ಮನೆಯ ಮುದುಕ ಎಷ್ಟು ಬೇಕೋ ತೆಗೆದುಕೊಳ್ಳಿ ಎಂದ. ನಾವಿಬ್ಬರೂ ಅದನ್ನು ಹೆಗಲ ಮೇಲೆ ಹೊತ್ತು ತರುವುದನ್ನು ನೋಡಿ ವೈನಿ ಬಾಯಿಗೆ ಕೈ ಅಡ್ಡ ಹಿಡಿದರು.

ಅದನ್ನು ಕೊಯ್ಯಲು ನಮ್ಮ ಬಳಿ ಇದ್ದುದು ಒಂದು ಹ್ಯಾಕ್ಸಾ ಮಾತ್ರ. ಗೇಣುದ್ದದ ಒಂದು ತುಂಡು ಬೇಕಾಗಿತ್ತು. ಕಂಬ ಉರುಳದ ಹಾಗೆ ನಾನು ಮೇಲೆ ಕಾಲಿಟ್ಟು ನಿಂತೆ, ಅಣ್ಣ ಕೊಯ್ದ. ಅವನಿಗೆ ಗರಗಸ ಹಿಡಿದು ಗೊತ್ತಿಲ್ಲ, ಒತ್ತಿ ಒತ್ತಿ ಎಳೆಯುತ್ತಿದ್ದ, ಅಲಗು ಮುರಿಯಿತು. ಇನ್ನೊಂದು ಹಾಕಿದ. ನಾನು ಕೊಡು ಎಂದರೆ ಕೊಡಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು, ಹ್ಯಾಕ್ಸಾದ ಹಿಡಿ ಒದ್ದೆಯಾಯಿತು. ವೈನಿ ಒಳಗೆ ಹೋಗಿ ಮಲಗಿದ್ದರು. ಅವನು ಕೊಯ್ಯುವುದನ್ನು ನಿಲ್ಲಿಸಿ, ತಲೆ ಎತ್ತದೆ ಹೇಳಿದ.

“ಆ ಸದ್ದು ಬಂದಾಗ ಅವಳು ಕಣ್ಣು ಮುಚ್ಕೋತಾಳೆ ಕಣೋ. ಬಾಯಿ ಬಿಟ್ಟು ಏನೂ ಹೇಳಲ್ಲ. ಬರೀ ಕಣ್ಣು ಮುಚ್ಕೋತಾಳೆ. ನಾನು ಓಡಿಸ್ತಾ ಇರ್ತೀನಿ, ನಿಲ್ಸೋಕೂ ಆಗಲ್ಲ. ಮುಂದಿನ ಸಂದು ಬರೋದು ಗೊತ್ತಿರತ್ತೆ. ಅದರ ಮೇಲೇ ಹತ್ತಿಸ್ಬೇಕು.”

ಅಣ್ಣ ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ನಾನು ಕೇಳಿದ್ದು ಬಹಳ ವರ್ಷಗಳ ಮೇಲೆ. “ಇವತ್ತು ಸರಿ ಮಾಡೋಣ ಅಣ್ಣ” ಎಂದೆ. ಅವನು ಮತ್ತೆ ಕೊಯ್ಯತೊಡಗಿದ.

ತುಂಡಾಯಿತು. ಬಾಯನ್ನು ಅರದಿಂದ ಉಜ್ಜಿ ಸಮ ಮಾಡಿದೆವು. ಎಲ್ಲವನ್ನೂ ಜೋಡಿಸಿ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಇಬ್ಬರೂ ಎಳೆದೆವು. ಬುಷ್ ಅಲುಗಲಿಲ್ಲ. ವಾಷರ್‌ಗಳು ತಟ್ಟೆಯ ಹಾಗೆ ಬಗ್ಗಿದವು. ಇನ್ನೂ ಬಿಗಿ ಮಾಡಿದಾಗ ಸರಳಿನ ಥ್ರೆಡ್ಡೇ ಕಿತ್ತುಬಂದು, ನಟ್ಟು ಕೈಯಲ್ಲಿ ಸಲೀಸಾಗಿ ತಿರುಗತೊಡಗಿತು. ಅಣ್ಣ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೆಲದ ಮೇಲೆ ಕೂತಿದ್ದ. ಆಮೇಲೆ ಎದ್ದು, ಇರ್ವಿಂಗ್‌ನಲ್ಲಿ ಬರೀ ನಟ್ಟು ಬೋಲ್ಟು ಮಾರುವ ಅಂಗಡಿಯೊಂದಿದೆ, ಇನ್ನೂ ಗಟ್ಟಿಯಾದ ಸರಳು ಸಿಗುತ್ತದೆ, ಮುಚ್ಚುವುದರೊಳಗೆ ಹೋಗಬೇಕು ಎಂದು ನನ್ನ ಕಾರು ತೆಗೆದುಕೊಂಡು ಹೊರಟ.

ಅವನು ಹೋದ ಮೇಲೆ ವೈನಿ ಕರೆದರು. ಲಿವಿಂಗ್ ರೂಮಿನ ಸೋಫಾದ ಮೇಲೆ ಮಗ್ಗುಲಾಗಿ ಮಲಗಿದ್ದರು. ನೀರು ಕೇಳಿದರು, ಕೊಟ್ಟೆ. ಸ್ಟ್ರಾ ಹಾಕಿ ಎರಡು ಗುಟುಕು ಕುಡಿದರು.

“ಬಿಟ್ಟು ಬಿಡ್ರಿ ಅಂದ್ರ ಬಿಡ್ತಾರೇನು ಅವರು?”

“ಇಲ್ಲ ವೈನಿ. ಆಗತ್ತೆ. ಸರಳು ಸ್ವಲ್ಪ ಗಟ್ಟಿ ಬೇಕು ಅಷ್ಟೆ.”

“ಕೂಡು ಇಲ್ಲೆ.” ನಾನು ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತೆ. “ಒಂದು ಮಾತು ಹೇಳ್ತೀನಿ. ಅವರಿಗೆ ಹೇಳಬ್ಯಾಡ. ಕಾರಿನ ಸದ್ದಿಂದ ಅಲ್ಲೋ ತಮ್ಮಾ ನಂಗ ನೋಯೂದು. ಈಗ ಹಿಂಗ ಮಲಗಿದ್ರೂ ಅಷ್ಟ ನೋಯ್ತದ. ಸುಮ್ಮನ ಕುಂತ್ರೂ ಅಷ್ಟ.”

ನಾನು ನೀರಿನ ಲೋಟವನ್ನು ಕೆಳಗಿಟ್ಟೆ.

“ಅವರು ಸದ್ದು ಬಂದಾಗ ನನ್ನ ಮಾರಿ ನೋಡ್ತಾರ. ನೋಡ್ತಾರಂತ ನಾ ಕಣ್ಣು ಮುಚ್ಚತೀನಿ. ಅವರ ಮಾರಿ ನೋಡ್ಲಿಕ್ಕೆ ಆಗೂದಿಲ್ಲ ನಂಗ.” ತಲೆದಿಂಬನ್ನು ಸರಿಸಿಕೊಂಡು, “ಹ್ಯೂಸ್ಟನ್‌ಗೆ ಹೋಗೂದು ನಂಗ ಸಾಕಾಗೇದ. ಆ ಔಷಧದಿಂದ ಏನೂ ಆಗವಲ್ದು. ಅಲ್ಲಿ ಡಾಕ್ಟರಿಗೂ ಗೊತ್ತದ, ನಂಗೂ ಗೊತ್ತದ. ಇವರಿಗೆ ಹೆಂಗ ಹೇಳೂದು ಅಂತ ಒಂದ ತಿಳೀವಲ್ದು” ಎಂದರು.

“ನಾನು ಹೇಳ್ಲಾ ವೈನಿ?”

“ಬ್ಯಾಡ. ನಾನ ಹೇಳ್ತೀನಿ. ಮೊದಲ ಈ ಕಾರು ಮಾಡಲಿ. ಏನರ ಒಂದು ಮಾಡಿದ್ದು ಸರಿ ಆಗ್ಯದ ಅಂತ ಅವರಿಗೆ ಅನ್ನಿಸ್ಲಿ.” ಆಮೇಲೆ ಕಣ್ಣು ಮುಚ್ಚಿ, “ಭಾಳ ಹೆದರಿಕಿ ಆಗ್ತದ ತಮ್ಮಾ. ಸಾಯೂದಕ್ಕಲ್ಲ. ಇವರು ಒಬ್ಬರ ಕುಂತು ಊಟ ಮಾಡೂದು ನೆನಸಿದ್ರ” ಎಂದರು.

ನಾನು ಅವರ ಪಾದದ ಹತ್ತಿರ ಸರಿದಿದ್ದ ಹೊದಿಕೆಯನ್ನು ಎಳೆದು ಸರಿ ಮಾಡಿದೆ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಮುಖ ತೊಳೆದುಕೊಂಡು, ಮತ್ತೆ ತೊಳೆದುಕೊಂಡೆ.

ಅಣ್ಣ ಹೊಸ ಸರಳು, ಅದಕ್ಕೆ ತಕ್ಕ ನಟ್ಟು, ಕಿರುಬೆರಳಿನಷ್ಟು ದಪ್ಪದ ಕಬ್ಬಿಣದ ಪಟ್ಟಿ ಹಿಡಿದುಕೊಂಡು ಬಂದ. ವಾಷರ್‌ಗಳ ಜಾಗದಲ್ಲಿ ಆ ಪಟ್ಟಿಯ ತುಂಡು. ಅದಕ್ಕೆ ತೂತು ಕೊರೆಯಬೇಕಿತ್ತು. ಮನೆಯ ಡ್ರಿಲ್ ಕಬ್ಬಿಣಕ್ಕೆ ಆಗುವಂಥದ್ದಲ್ಲ. ನಾನು ಹನಿ ಹನಿಯಾಗಿ ಎಣ್ಣೆ ಬಿಡುತ್ತಾ ಹೋದೆ, ಅವನು ಎದೆಯ ಭಾರವನ್ನೆಲ್ಲ ಹಾಕಿ ಕೊರೆದ. ಹೊಗೆ ಬಂದಾಗಲೆಲ್ಲ ನಿಲ್ಲಿಸಿ ಡ್ರಿಲ್ ಆರಲು ಬಿಡುವುದು, ಮತ್ತೆ ಹಿಡಿಯುವುದು. ಅವನ ಕಿವಿಯ ಹಿಂದಿನಿಂದ ಬೆವರು ಇಳಿದು ಕಬ್ಬಿಣದ ಮೇಲೆ ಬೀಳುತ್ತಿತ್ತು. ನನಗೆ ಗೊತ್ತಾದದ್ದು ಅವನಿಗೆ ಗೊತ್ತಿರಲಿಲ್ಲ. ಅವನ ಪಕ್ಕದಲ್ಲಿ ಕೂತು ಎಣ್ಣೆ ಬಿಡುವುದು ಕಷ್ಟವಾಗಿತ್ತು.

ಆ ದಿನ ಹಳೆಯ ಬುಷ್ ಹೊರಬಂತು. ಗ್ರೀಸು ಮೆತ್ತಿದ ಸರಳಿನ ಮೇಲೆ ನಟ್ಟು ಒಂದೊಂದೇ ಸುತ್ತು ಸರಿಯುತ್ತಾ, ಕೊನೆಗೆ ಪಟಾರೆಂದು ಗುಂಡು ಹೊಡೆದ ಹಾಗೆ ಸದ್ದಾಯಿತು. ಮೊದಲು ಏನೋ ಮುರಿದುಹೋಯಿತೆಂದು ಇಬ್ಬರೂ ಹಿಂದೆ ಸರಿದೆವು. ಮುರಿದಿರಲಿಲ್ಲ, ಬುಷ್ ಸಡಿಲವಾಗಿತ್ತು. ಆಮೇಲೆ ಅದು ಮೆಲ್ಲಗೆ ಕೊಳವೆಯೊಳಕ್ಕೆ ಜಾರಿತು. ಅಣ್ಣ ಆ ಹರಿದ ರಬ್ಬರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ಇದೇ ನೋಡು. ಇದೇ” ಎಂದ.

ಹೊಸದನ್ನು ಕೂರಿಸುವುದು ಭಾನುವಾರಕ್ಕೆ. ತಣ್ಣಗಾದರೆ ಬುಷ್ ಕೂದಲೆಳೆಯಷ್ಟು ಕುಗ್ಗುತ್ತದೆ, ಬಿಸಿಯಾದರೆ ತೋಳಿನ ದುಂಡು ಹಿಗ್ಗುತ್ತದೆ ಎಂದು ಅಣ್ಣ ಓದಿಕೊಂಡಿದ್ದ. ಬುಷ್ಷನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ, ತುರಿದ ಕಾಯಿ ಮತ್ತು ಅವರೆಕಾಳಿನ ಪೊಟ್ಟಣಗಳ ನಡುವೆ ಇಟ್ಟ. ಭಾನುವಾರ ಬೆಳಿಗ್ಗೆ ತೋಳನ್ನು ಡ್ರೈವ್‌ವೇಯ ಬಿಸಿಲಿನಲ್ಲಿ ಮಲಗಿಸಿದೆವು. ಮಧ್ಯಾಹ್ನಕ್ಕೆ ಅದು ಮುಟ್ಟಲಾಗದಷ್ಟು ಕಾದಿತ್ತು.

ವೈನಿ ಐಸ್ ಚೂರಿಗೆಂದು ಫ್ರೀಜರ್ ತೆಗೆದವರು, “ಏನ್ರೀ ಇದು, ಅವರೆಕಾಳ ಹಿಂದ ಕಾರಿನ ಸಾಮಾನು?” ಎಂದು ಕೂಗಿದರು. ಅವರ ಬಾಯಿ ಹುಣ್ಣಾಗಿತ್ತು, ಐಸ್ ಚೂರು ಚೀಪಿದರೆ ಸ್ವಲ್ಪ ಹಿತವಾಗುತ್ತಿತ್ತು. ಅಣ್ಣ ಓಡಿಹೋಗಿ ಐಸ್ ತೆಗೆದುಕೊಟ್ಟು, ಬುಷ್ ತೆಗೆದುಕೊಂಡು ಬಂದ. ಅದರ ಮೇಲೆ ಬಿಳಿ ಮಂಜು ಹಿಡಿದಿತ್ತು.

ಹಳೆಯದು ಹೊರಬರುವಾಗ ಕೊಟ್ಟಷ್ಟು ಕಷ್ಟ ಕೊಡದೆ ಇದು ಒಳಗೆ ಹೋಯಿತು. ಅಣ್ಣ ಸ್ಪ್ಯಾನರ್ ತಿರುಗಿಸುತ್ತಿದ್ದ, ನಾನು ಬುಷ್ ಓರೆಯಾಗದಂತೆ ಹಿಡಿದಿದ್ದೆ. ಅದರ ಅಂಚು ದುಂಡಿನ ಅಂಚಿಗೆ ಸರಿಯಾಗಿ ಸೇರಿದಾಗ ಅವನು ಬೆರಳಿನಿಂದ ಸುತ್ತಲೂ ಸವರಿ ನೋಡಿದ. ಮತ್ತೆ ಸವರಿದ. ಎಲ್ಲ ಜೋಡಿಸಿ, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸುವಾಗ ಸಂಜೆಯಾಗಿತ್ತು.

ಕಾಪೆಲ್ ಊರಿನ ನಡುವೆ ರೈಲು ಹಳಿಯೊಂದು ಹಾದುಹೋಗುತ್ತದೆ. ಅಲ್ಲಿಗೆ ಹೋಗಿ ಬಂದು ನೋಡೋಣ ಎಂದು ಅಣ್ಣ ಹೊರಟ. ವೈನಿ ತಾವೂ ಬರುತ್ತೇನೆಂದು ಹಟ ಮಾಡಿದರು. ನಾನು ಹಿಂದೆ ಕೂತೆ. ಹಳಿ ದಾಟಿದೆವು. ಟಕ್ ಎನ್ನುವ ಏಟು ಇರಲಿಲ್ಲ. ಅಣ್ಣ ಗಾಡಿ ತಿರುಗಿಸಿ ಇನ್ನೊಮ್ಮೆ ದಾಟಿದ. ನಿಜಕ್ಕೂ ಇರಲಿಲ್ಲ. ಅವನು ಅವರ ಕಡೆ ತಿರುಗಿ, “ಹೇಗಿದೆ?” ಎಂದ.

“ಅಯ್ಯ, ಹೂವಿನ ಮ್ಯಾಲ ಹೋದಂಗ ಅದ” ಎಂದರು ವೈನಿ. ಹಿಂದಿನ ಸೀಟಿನಿಂದ ನನಗೆ ಅವರ ಬಲಗೈ ಕಾಣುತ್ತಿತ್ತು. ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು.

ನಾನು ಆಫೀಸಿಗೆ ರಜೆ ಹೇಳಿ ಸೋಮವಾರ ಅವರ ಜೊತೆ ಹೊರಟೆ. ಅಣ್ಣ ಅಂದು ಬೇರೆಯೇ ಮನುಷ್ಯನಾಗಿದ್ದ. ಕಾರ್ಸಿಕಾನಾ ದಾಟುವಾಗ ಹಿಂದೆ ತಿರುಗದೆಯೇ, “ಕೇಳಿಸ್ತಿದೆಯೇನೋ ನಿಂಗೆ?” ಎಂದು ನನ್ನನ್ನು ಕೇಳಿದ. “ಇಲ್ಲ ಅಣ್ಣ.” “ಎಡಗಡೇದೂ ಮಾಡ್ಬೇಕು. ಈಗ ಟೂಲ್ ಇದೆಯಲ್ಲ, ಅರ್ಧ ದಿನದ ಕೆಲಸ.” ವೈನಿ ಕಿಟಕಿಯ ಕಡೆ ಮುಖ ಮಾಡಿದ್ದರು. ಹಂಟ್ಸ್‌ವಿಲ್‌ನ ಪೈನ್ ಮರಗಳು ಶುರುವಾಗುವ ಹೊತ್ತಿಗೆ ಅವರಿಗೆ ನಿದ್ದೆ ಬಂತು. ನಿಜವಾದ ನಿದ್ದೆ, ಬಾಯಿ ಸ್ವಲ್ಪ ತೆರೆದಿತ್ತು. ಅದು ಬೆಳಿಗ್ಗೆ ಹೆಚ್ಚು ಮಾಡಿ ಕೊಟ್ಟಿದ್ದ ಮಾತ್ರೆಯಿಂದಲೋ, ಕಾರಿನಿಂದಲೋ ನನಗೆ ಗೊತ್ತಿಲ್ಲ. ಅಣ್ಣ ರೇಡಿಯೋ ಆರಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ತೋರಿಸಿದರು. ಹೊಸ ಜಾಗಗಳಲ್ಲಿ ಕಾಣಿಸಿಕೊಂಡಿತ್ತು. ಬೇರೊಂದು ಔಷಧಿ ಇದೆ, ಯೋಚನೆ ಮಾಡಿ ಎಂದರು. ಅಣ್ಣ ಆಯಿತು ಎಂದ. ವೈನಿ ತಲೆಯ ಸ್ಕಾರ್ಫ್ ಸರಿಮಾಡಿಕೊಂಡರು.

ಮರುದಿನ ವಾಪಸು ಬರುವಾಗ, ಹಂಟ್ಸ್‌ವಿಲ್ ದಾಟಿದ ಮೇಲೆ ಹೈವೇ ಬದಿಯ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಎಂದು ವೈನಿ ಹೇಳಿದರು. ವಾಂತಿ ಬರುತ್ತಿದೆಯೇನೋ ಎಂದು ಅಣ್ಣ ಗಾಬರಿಯಾಗಿ ಮರದ ನೆರಳಿಗೆ ಗಾಡಿ ತಂದು ನಿಲ್ಲಿಸಿದ. ನಾನು ಇಳಿಯಹೋದೆ. “ನೀನೂ ಕೂಡು ತಮ್ಮಾ” ಎಂದರು.

“ರೀ, ಇನ್ನ ಸಾಕ್ರಿ” ಎಂದರು ಅಣ್ಣನಿಗೆ. “ಇನ್ನ ಹ್ಯೂಸ್ಟನ್ ಬ್ಯಾಡ.”

ಅಣ್ಣನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಯಿತೋ ಏನೋ. “ಯಾಕೆ? ಇವತ್ತು ನೋವು ಜಾಸ್ತಿ ಆಯ್ತಾ? ಎಡಗಡೆ ಚಕ್ರದ್ದಿರಬೇಕು. ಈ ಶನಿವಾರ ಅದನ್ನೂ...”

“ಚಕ್ರ ಅಲ್ರಿ.”

“ಕಾರು ಸರಿ ಆಯ್ತಲ್ಲ” ಎಂದ ಅಣ್ಣ. ಅವನ ದನಿ ಸಣ್ಣ ಮಕ್ಕಳ ದನಿಯ ಹಾಗೆ ಆಗಿತ್ತು. “ಈಗ ಕಾರು ಸರಿ ಆಯ್ತಲ್ಲ.”

“ಕಾರು ಭಾಳ ಚಲೋ ಆಗೇದ. ನೀವು ಭಾಳ ಚಲೋ ಮಾಡೀರಿ.” ವೈನಿ ಅವನ ಕೈ ಹಿಡಿದುಕೊಂಡರು. ಬೊಬ್ಬೆ ಒಡೆದು ಚರ್ಮ ಸುಲಿದಿದ್ದ ಅಂಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ನಾ ಸರಿ ಆಗೂದಿಲ್ಲರಿ. ಮನೀಗೆ ಹೋಗೂಣ. ಮನ್ಯಾಗ ಇರೂಣ.”

ಅಣ್ಣ ಸ್ಟೀರಿಂಗ್ ಮೇಲೆ ಹಣೆಯಿಟ್ಟ. ಅವನು ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ನಮ್ಮ ತಂದೆ ತೀರಿಕೊಂಡಾಗಲೂ ಅವನು ಅತ್ತಿರಲಿಲ್ಲ. ವೈನಿ ಅಳಲಿಲ್ಲ. ಅವನ ಬೆನ್ನು ಸವರಬೇಕೆಂದು ಕೈ ಎತ್ತಿದರು. ಅಷ್ಟು ದೂರಕ್ಕೆ ಕೈ ಹೋಗಲಿಲ್ಲ. ನಾನು ಹಿಂದಿನಿಂದ ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟೆ. ಲಾರಿಗಳು ಹೈವೇಯಲ್ಲಿ ಹಾದುಹೋಗುತ್ತಲೇ ಇದ್ದವು. ಆಮೇಲೆ ಉಳಿದ ದಾರಿ ನಾನು ಓಡಿಸಿದೆ. ಅಣ್ಣ ಹಿಂದಿನ ಸೀಟಿನಲ್ಲಿ ಕೂತು, ಮುಂದಕ್ಕೆ ಕೈಚಾಚಿ ವೈನಿಯ ಭುಜ ಹಿಡಿದುಕೊಂಡಿದ್ದ, ಮನೆ ಬರುವವರೆಗೂ.

ಅವರು ಹೊಸ ಔಷಧಿ ತೆಗೆದುಕೊಳ್ಳಲಿಲ್ಲ. ಮನೆಗೇ ನರ್ಸ್ ಬರತೊಡಗಿದಳು. ಧಾರವಾಡದಿಂದ ವೈನಿಯ ಅಕ್ಕ ವೀಸಾಕ್ಕೆ ಓಡಾಡಿ ಕೊನೆಗೂ ಬಂದರು. ನಾನು ವಾರಾಂತ್ಯಗಳಲ್ಲಿ ಹೋಗುತ್ತಿದ್ದೆ. ಆ ದಿನಗಳಲ್ಲಿ ವೈನಿಗೆ ನೋವು ಕಡಿಮೆಯಿತ್ತು, ಮಾರ್ಫಿನ್ ಕೊಡುತ್ತಿದ್ದರು. ಒಮ್ಮೆ ಲೈಬ್ರರಿ ನೋಡಬೇಕೆಂದರು. ಅಣ್ಣ ಮೆಲ್ಲಗೆ ಅಲ್ಲಿಯತನಕ ಓಡಿಸಿಕೊಂಡು ಹೋದ. ಒಳಗೆ ಹೋಗುವ ಶಕ್ತಿ ಇರಲಿಲ್ಲ. ಅವರ ಜೊತೆ ಕೆಲಸ ಮಾಡುತ್ತಿದ್ದವರು ಹೊರಗೆ ಬಂದು ಕಿಟಕಿಯಲ್ಲಿ ಬಗ್ಗಿ ಮಾತಾಡಿಸಿದರು. ಸಣ್ಣ ಹುಡುಗಿಯೊಬ್ಬಳು ತಾನು ಓದುತ್ತಿದ್ದ ಪುಸ್ತಕವನ್ನು ತೋರಿಸಿದಳು. ವೈನಿ ಅದರ ಹೆಸರನ್ನು ಗಟ್ಟಿಯಾಗಿ ಓದಿ, ತಲೆದೂಗಿದರು.

ಅಕ್ಟೋಬರಿನಲ್ಲಿ, ಒಂದು ಮಧ್ಯಾಹ್ನ, ಅಣ್ಣ ಪಕ್ಕದಲ್ಲಿ ಕೂತು ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ, ವೈನಿ ಹೋದರು. ನಾನು ಆಗ ಆಸ್ಟಿನ್‌ನಲ್ಲಿದ್ದೆ. ಫೋನ್ ಮಾಡಿ, “ಹೋದಳು ಕಣೋ” ಎಂದ. ಇಡಲಿಲ್ಲ. ನಾನೂ ಇಡಲಿಲ್ಲ. ಬಹಳ ಹೊತ್ತು ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು.

ಕರ್ಮಗಳೆಲ್ಲ ಮುಗಿದು, ವೈನಿಯ ಅಕ್ಕನೂ ಊರಿಗೆ ಹೊರಟ ಮೇಲೆ, ಏರ್‌ಪೋರ್ಟಿನಿಂದ ಬಂದ ಅಣ್ಣ ಕಾರನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಿ ಒಳಗೇ ಕೂತುಬಿಟ್ಟ. ನಾನು ಇಳಿದು ಮನೆಯ ಬಾಗಿಲ ತನಕ ಹೋಗಿದ್ದೆ. ಅವನು ಬರದಿದ್ದುದನ್ನು ನೋಡಿ ವಾಪಸು ಹೋಗಿ ಪ್ಯಾಸೆಂಜರ್ ಬದಿಯ ಬಾಗಿಲು ತೆಗೆದೆ. ಆ ಸೀಟು ಇನ್ನೂ ಹಿಂದಕ್ಕೆ ಮಲಗಿಕೊಂಡೇ ಇತ್ತು. ಎತ್ತಲು ಮನಸ್ಸಾಗಲಿಲ್ಲ. ಹಿಂದೆ ಕೂತೆ.

“ಅವಳು ಮೊದಲ ಸಲ ಡಾಲಸ್‌ಗೆ ಬಂದಾಗ ಏನಾಯ್ತು ಗೊತ್ತಾ?” ಎಂದ ಅಣ್ಣ.

ನನಗೆ ಗೊತ್ತಿರಲಿಲ್ಲ. ಅವನು ಹೇಳತೊಡಗಿದ. ವಿಮಾನದಲ್ಲಿ ಅವರ ಒಂದು ಸೂಟ್‌ಕೇಸ್ ಬಂದೇ ಇರಲಿಲ್ಲವಂತೆ. ಅವರ ಬಟ್ಟೆಯೆಲ್ಲ ಅದರಲ್ಲಿತ್ತಂತೆ. ಹೊಸ ಮದುಮಗಳು ಗಂಡನ ಪ್ಯಾಂಟು, ಶರ್ಟು ಹಾಕಿಕೊಂಡು, ಅದಕ್ಕೆ ಮೊಣಕಾಲಿನತನಕ ಮಡಿಕೆ ಹಾಕಿ, ಅಂಗಡಿಗೆ ಹೋಗಿ ಹಾಲು ತಂದರಂತೆ. ಆ ಶರ್ಟನ್ನು ಆಮೇಲೆ ವಾಪಸು ಕೊಡಲೇ ಇಲ್ಲವಂತೆ. ಅಲ್ಲಿಂದ ಇನ್ನೊಂದು ಕತೆ, ಅಲ್ಲಿಂದ ಮತ್ತೊಂದು. ನಾನು ಆ ಮನೆಯಲ್ಲಿ ಅಷ್ಟು ದಿನ ಇದ್ದರೂ ಕೇಳಿರದ ಸಂಗತಿಗಳು. ಎಸಿ ಓಡುತ್ತಲೇ ಇತ್ತು. ಪೆಟ್ರೋಲ್ ಕಡಿಮೆಯಾಗಿದೆ ಎಂದು ದೀಪ ಹತ್ತಿದಾಗ ಅವನು ಹಾಗೆಯೇ ಕಾರು ತಿರುಗಿಸಿ, ಮೂಲೆಯ ಪಂಪಿನ ಕಡೆ ಹೊರಟ. ದಾರಿಯಲ್ಲೂ ಮಾತಾಡುತ್ತಲೇ ಇದ್ದ.